ವಲೆನ್ಸಿಯಾದಲ್ಲಿ ಕೂತು ದೂರದ ಕೆಲಸ: ಯಾವುದು ಮೊದಲು, ಯಾವುದು ಆಮೇಲೆ

ಸ್ಪೇನ್‌ನ ಪೂರ್ವ ಕರಾವಳಿಯ ವಲೆನ್ಸಿಯಾಗೆ ಲ್ಯಾಪ್‌ಟಾಪ್ ಹಿಡಿದು ಬರಬೇಕು ಅನ್ನುವವರು ಮೊದಲು ಕೇಳುವುದು ಬಾಡಿಗೆ ಎಷ್ಟು, ಬೀಚ್ ಎಷ್ಟು ದೂರ ಅಂತ. ಎರಡಕ್ಕೂ ಉತ್ತರ ಮುಂದೆ ಇದೆ. ಅದಕ್ಕಿಂತ ಮುಂಚೆ ಎರಡು ವಿಷಯ ಇತ್ಯರ್ಥ ಆಗಬೇಕು. ಒಂದು, ನಿಮ್ಮ ಆಫೀಸು ಯಾವ ದೇಶದ ಗಡಿಯಾರದಲ್ಲಿ ಓಡುತ್ತದೆ. ಇನ್ನೊಂದು, ಕಾಗದಪತ್ರಗಳನ್ನು ಯಾವ ಸರದಿಯಲ್ಲಿ ಮಾಡಿಸುತ್ತೀರಿ. ಇಲ್ಲಿ ಒಂದು ಕಾಗದಕ್ಕೆ ಇನ್ನೊಂದು ಕಾಗದ ಬೇಕು, ಅದಕ್ಕೆ ಮತ್ತೊಂದು. ಸರದಿ ತಪ್ಪಿದರೆ ತಿಂಗಳುಗಟ್ಟಲೆ ಸುಮ್ನೆ ಕಾಯಬೇಕಾಗುತ್ತದೆ.

ಈ ಲೇಖನ ಭಾರತದ ಪಾಸ್‌ಪೋರ್ಟ್ ಇರುವವರಿಗೆ. ಯುರೋಪ್ ಒಕ್ಕೂಟದ ಪಾಸ್‌ಪೋರ್ಟ್ ಇದ್ದರೆ ಅರ್ಧಕ್ಕರ್ಧ ಹಂತಗಳನ್ನು ಬಿಟ್ಟು ನೇರ ಮನೆ ಹುಡುಕುವಲ್ಲಿಗೆ ಹೋಗಿ.

ಹಂತ 1: ಗಡಿಯಾರದ ಲೆಕ್ಕ

ವಲೆನ್ಸಿಯಾ ಭಾರತಕ್ಕಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಇಲ್ಲಿನ ಗಡಿಯಾರ ಬದಲಾಗುತ್ತದೆ. ಬೆಂಗಳೂರಿನ ತಂಡ ಬೆಳಿಗ್ಗೆ 9:30ಕ್ಕೆ ಮೀಟಿಂಗ್ ಇಟ್ಟರೆ ನಿಮಗೆ ಅದು ಬೇಸಿಗೆಯಲ್ಲಿ 6 ಗಂಟೆ, ಚಳಿಗಾಲದಲ್ಲಿ 5 ಗಂಟೆ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಎಂಟು ದಾಟಿದ ಮೇಲೆ.

ಕೇಳುವುದಕ್ಕೆ ಕಷ್ಟ ಅನ್ನಿಸುತ್ತದೆ. ಆದರೆ ಅಲ್ಲಿ ಸಂಜೆ 6:30ಕ್ಕೆ ಲಾಗೌಟ್ ಆದಾಗ ಇಲ್ಲಿ ಮಧ್ಯಾಹ್ನ 2 ಅಥವಾ 3. ಸ್ಪೇನ್‌ನವರು ಊಟಕ್ಕೆ ಕೂರುವ ಹೊತ್ತು ಅದೇ. ಅಲ್ಲಿಂದ ಮುಂದೆ ಇಡೀ ದಿನ ನಿಮ್ಮದು. ತೊಂದರೆ ಬೇರೆ ಕಡೆ ಇದೆ. ಇಲ್ಲಿನ ಬ್ಯಾಂಕು, ಪೊಲೀಸ್ ಕಚೇರಿ, ನಗರಸಭೆ ಎಲ್ಲ ಕೆಲಸ ಮಾಡುವುದು ಹೆಚ್ಚಾಗಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರ ತನಕ. ಸರಿಯಾಗಿ ನೀವು ಕಾಲ್‌ನಲ್ಲಿ ಸಿಕ್ಕಿಹಾಕಿಕೊಂಡಿರುವ ಹೊತ್ತು! ಹಾಗಾಗಿ ಭಾರತದ ಸಮಯಕ್ಕೆ ಕೆಲಸ ಮಾಡುವವರು ಮೊದಲ ಎರಡು ಮೂರು ತಿಂಗಳಿಗೆ ಒಂದಷ್ಟು ರಜೆಯನ್ನು ಕಾಗದಪತ್ರಕ್ಕೆಂದೇ ಉಳಿಸಿಕೊಂಡು ಬನ್ನಿ. ಇನ್ನೊಂದು ವಿಷಯ, ಇಲ್ಲಿ ರಾತ್ರಿ ಊಟ 9ರ ಮೇಲೆ. ಐದಕ್ಕೆ ಏಳಬೇಕಾದವರಿಗೆ ಸ್ಥಳೀಯ ಸ್ನೇಹಿತರ ಜೊತೆ ಕೂರುವುದು ವಾರಾಂತ್ಯಕ್ಕೆ ಮಾತ್ರ ಆಗುತ್ತದೆ.

ಅಮೆರಿಕದ ಪೂರ್ವ ಕರಾವಳಿಯ ಕ್ಲೈಂಟ್ ಇದ್ದರೆ ಎಲ್ಲ ಉಲ್ಟಾ. ಅವರ 9 ಗಂಟೆ ನಿಮ್ಮ ಮಧ್ಯಾಹ್ನ 3. ಬೆಳಗೆಲ್ಲ ಬಿಡುವು, ಸಂಜೆಯೆಲ್ಲ ಕೆಲಸ. ಅಮೆರಿಕದಲ್ಲಿ ಮಾರ್ಚ್ ಗಡಿಯಾರ ಇಲ್ಲಿಗಿಂತ ಎರಡು ಮೂರು ವಾರ ಮೊದಲೇ ಬದಲಾಗುವುದರಿಂದ ಆ ನಡುವೆ ಅಂತರ ಐದು ಗಂಟೆ ಆಗುತ್ತದೆ. ಆಗ ಮೀಟಿಂಗ್ ತಪ್ಪಿಸಿಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ನನ್ನನ್ನು ಕೇಳಿದರೆ ಲಂಡನ್ ಸಮಯದ ಕೆಲಸವೇ ಈ ಊರಿಗೆ ಹೊಂದುವುದು, ವ್ಯತ್ಯಾಸ ಬರೀ ಒಂದು ಗಂಟೆ.

ಹಂತ 2: ಕಂಪನಿಯ ಒಪ್ಪಿಗೆ ಮತ್ತು ವೀಸಾದ ದಾರಿ

ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ, ಪ್ರವಾಸಿ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಇರಬಹುದು ನಿಜ, ಆದರೆ ಅದು ಕೆಲಸ ಮಾಡುವ ಅನುಮತಿ ಅಲ್ಲ. ದೂರದಿಂದ ಕೆಲಸ ಮಾಡುವವರಿಗೆ ಅಂತಲೇ ಸ್ಪೇನ್ ಒಂದು ದಾರಿ ಮಾಡಿದೆ. 2022ರ ಡಿಸೆಂಬರ್‌ನಲ್ಲಿ ಬಂದ ಸ್ಟಾರ್ಟಪ್ ಕಾನೂನಿನ ಅಡಿಯಲ್ಲಿ 2023ರಿಂದ ಈ ವೀಸಾ ಸಿಗುತ್ತಿದೆ. ಜನ ಇದನ್ನು ಡಿಜಿಟಲ್ ನೊಮ್ಯಾಡ್ ವೀಸಾ ಅನ್ನುತ್ತಾರೆ.

ಶರತ್ತುಗಳು ಹೀಗಿವೆ. ನಿಮ್ಮ ಕಂಪನಿ ಅಥವಾ ಕ್ಲೈಂಟ್ ಸ್ಪೇನ್‌ನ ಹೊರಗಿರಬೇಕು, ಕನಿಷ್ಠ ಒಂದು ವರ್ಷದಿಂದ ವ್ಯವಹಾರ ನಡೆಸುತ್ತಿರಬೇಕು. ಅವರ ಜೊತೆ ನೀವು ಕನಿಷ್ಠ 3 ತಿಂಗಳಿಂದ ಕೆಲಸ ಮಾಡುತ್ತಿರಬೇಕು. ಡಿಗ್ರಿ ಇರಬೇಕು, ಇಲ್ಲದಿದ್ದರೆ ಆ ಕೆಲಸದಲ್ಲಿ 3 ವರ್ಷದ ಅನುಭವ ತೋರಿಸಬೇಕು. ಫ್ರೀಲ್ಯಾನ್ಸ್ ಮಾಡುವವರು ಸ್ಪೇನ್‌ನ ಕ್ಲೈಂಟ್‌ಗಳಿಗೂ ಕೆಲಸ ಮಾಡಬಹುದು, ಒಟ್ಟು ಕೆಲಸದ 20% ಮೀರುವ ಹಾಗಿಲ್ಲ.

ಆದಾಯದ ಮಿತಿ ಸ್ಪೇನ್‌ನ ಕನಿಷ್ಠ ವೇತನದ ಎರಡು ಪಟ್ಟು. 2025ರಲ್ಲಿ ಕನಿಷ್ಠ ವೇತನ 1,184 ಯುರೋ, ಅದೂ ವರ್ಷಕ್ಕೆ 14 ಸಂಬಳದ ಲೆಕ್ಕದಲ್ಲಿ. 12 ತಿಂಗಳಿಗೆ ಹಂಚಿ ಎರಡು ಪಟ್ಟು ಮಾಡಿದರೆ ತಿಂಗಳಿಗೆ ಸುಮಾರು 2,763 ಯುರೋ. ಯುರೋಗೆ 100 ರೂಪಾಯಿ ಅಂತ ಹಿಡಿದರೆ ಎರಡು ಮುಕ್ಕಾಲು ಲಕ್ಷ. ಗಂಡ ಅಥವಾ ಹೆಂಡತಿ ಜೊತೆಗಿದ್ದರೆ ಕನಿಷ್ಠ ವೇತನದ 75%, ಆಮೇಲೆ ಒಬ್ಬೊಬ್ಬರಿಗೂ 25% ಸೇರಿಸಿಕೊಳ್ಳಿ. ಕನಿಷ್ಠ ವೇತನ ಏರಿದಾಗ ಇದೂ ಏರುತ್ತದೆ. ಅರ್ಜಿ ಹಾಕುವ ವರ್ಷದ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ, ಹಳೆಯ ವೀಡಿಯೊಗಳನ್ನು ನಂಬಬೇಡಿ.

ಭಾರತದಿಂದ ಬರುವ ನೌಕರರು ಮುಗ್ಗರಿಸುವ ಜಾಗ ಇದ್ಯಾವುದೂ ಅಲ್ಲ. ಅದು ಸಾಮಾಜಿಕ ಭದ್ರತೆ, ಅಂದರೆ ನಮ್ಮ ಪಿಎಫ್ ಥರದ ವ್ಯವಸ್ಥೆ. ಸ್ಪೇನ್ ಜೊತೆ ಒಪ್ಪಂದ ಇರುವ ದೇಶದವರು ‘ನಮ್ಮಲ್ಲೇ ಕಟ್ಟುತ್ತಿದ್ದೇವೆ’ ಅನ್ನುವ ಪ್ರಮಾಣಪತ್ರ ತಂದು ಪಾರಾಗುತ್ತಾರೆ. ಜರ್ಮನಿ, ಫ್ರಾನ್ಸ್, ಪೋರ್ಚುಗಲ್ ಜೊತೆ ಭಾರತಕ್ಕೆ ಅಂಥ ಒಪ್ಪಂದ ಇದೆ, ಸ್ಪೇನ್ ಜೊತೆ 2025ರ ತನಕ ಜಾರಿಯಲ್ಲಿ ಇರಲಿಲ್ಲ. ಹಾಗಿದ್ದಾಗ ಉಳಿಯುವುದು ಎರಡೇ ದಾರಿ. ನಿಮ್ಮ ಕಂಪನಿ ಸ್ಪೇನ್‌ನ ಸಾಮಾಜಿಕ ಭದ್ರತೆಯಲ್ಲಿ ನೋಂದಣಿ ಮಾಡಿಸಿ ಇಲ್ಲಿ ವಂತಿಗೆ ಕಟ್ಟಬೇಕು. ಇಲ್ಲವೇ ನೀವು ನೌಕರಿ ಬಿಟ್ಟು ಅದೇ ಕಂಪನಿಗೆ ಕನ್ಸಲ್ಟೆಂಟ್ ಆಗಿ, ಇಲ್ಲಿ ಔತೊನೊಮೊ, ಅಂದರೆ ಸ್ವಂತ ಉದ್ಯೋಗಿ, ಅಂತ ಹೆಸರು ಬರೆಸಬೇಕು. ದೊಡ್ಡ ಕಂಪನಿಗಳ ಎಚ್‌ಆರ್ ಮೊದಲನೆಯದಕ್ಕೆ ಒಪ್ಪುವುದು ಅಪರೂಪ. ಎರಡನೆಯದು ಸುಲಭ, ಆದರೆ ಗ್ರಾಚ್ಯುಟಿ, ರಜೆ, ನೋಟಿಸ್ ಪೀರಿಯಡ್ ಎಲ್ಲ ಬಿಟ್ಟುಕೊಟ್ಟ ಹಾಗೆ. ಎರಡರ ಬಗ್ಗೆಯೂ ಬರಹದಲ್ಲಿ ಉತ್ತರ ಬರುವ ತನಕ ವಿಮಾನದ ಟಿಕೆಟ್ ಬುಕ್ ಮಾಡಬೇಡಿ.

ಕೇಳುವಾಗ ಇನ್ನೂ ಎರಡು ಪ್ರಶ್ನೆ ಸೇರಿಸಿ. ಕ್ಲೈಂಟ್ ಜೊತೆಗಿನ ಒಪ್ಪಂದದಲ್ಲಿ ಡೇಟಾವನ್ನು ಭಾರತದ ಹೊರಗಿನಿಂದ ತೆರೆಯಬಾರದು ಅಂತ ಇದೆಯಾ? ಆಫೀಸಿನ ಲ್ಯಾಪ್‌ಟಾಪ್ ಬೇರೆ ದೇಶದಲ್ಲಿ ಲಾಗಿನ್ ಆಗುತ್ತದಾ? ವಿಪಿಎನ್ ಹಾಕಿಕೊಂಡು ಊರಲ್ಲೇ ಇದ್ದೇನೆ ಅಂತ ನಟಿಸುವವರ ಕಥೆಗಳು ಬೇಕಾದಷ್ಟಿವೆ. ಐಟಿ ವಿಭಾಗಕ್ಕೆ ಗೊತ್ತಾಗಿಯೇ ಆಗುತ್ತದೆ.

ಹಂತ 3: ಊರು ಬಿಡುವ ಮುಂಚಿನ ಕಾಗದ

ಸರದಿ ಹೀಗಿರಲಿ: ಮೊದಲು ಮೂಲ ದಾಖಲೆ, ಆಮೇಲೆ ಅಪೊಸ್ಟಿಲ್ (ದಾಖಲೆ ಅಸಲಿ ಅಂತ ಹೊರದೇಶಕ್ಕೆ ತೋರಿಸುವ ಸರ್ಕಾರಿ ದೃಢೀಕರಣ), ಕೊನೆಗೆ ಅನುವಾದ. ಅನುವಾದವನ್ನು ಮೊದಲು ಮಾಡಿಸಿದರೆ ದಂಡ, ಏಕೆಂದರೆ ಅಪೊಸ್ಟಿಲ್ ಚೀಟಿಯೂ ಅನುವಾದ ಆಗಬೇಕು.

ಡಿಗ್ರಿ ಪ್ರಮಾಣಪತ್ರಕ್ಕೆ ರಾಜ್ಯ ಮಟ್ಟದಲ್ಲಿ ದೃಢೀಕರಣ ಆಗಿ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಬೀಳುತ್ತದೆ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪಡೆಯಬೇಕು. ಇದನ್ನು ತೀರಾ ಮುಂಚೆ ಮಾಡಿಸಿಟ್ಟರೆ ಅರ್ಜಿ ಹಾಕುವಷ್ಟರಲ್ಲಿ ಹಳೆಯದಾಗುತ್ತದೆ. ಮದುವೆ, ಮಕ್ಕಳ ಜನನ ಪ್ರಮಾಣಪತ್ರಕ್ಕೂ ಇದೇ ಕ್ರಮ. ಅನುವಾದವನ್ನು ಸ್ಪೇನ್‌ನ ವಿದೇಶಾಂಗ ಸಚಿವಾಲಯದ ಪಟ್ಟಿಯಲ್ಲಿರುವ ಪ್ರಮಾಣಿತ ಅನುವಾದಕರಿಂದಲೇ ಮಾಡಿಸಬೇಕು. ಮನೆ ಹತ್ತಿರದ ಅನುವಾದ ಅಂಗಡಿಯ ಸೀಲು ನಡೆಯುವುದಿಲ್ಲ.

ನಮ್ಮ ಕಡೆಯವರಿಗೆ ಒಂದು ವಿಶೇಷ ತಲೆನೋವು ಇದೆ, ಇನಿಷಿಯಲ್‌ಗಳದ್ದು. ಎಸ್‌ಎಸ್‌ಎಲ್‌ಸಿ ಮತ್ತು ಡಿಗ್ರಿಯಲ್ಲಿ ಹೆಸರಿನ ಹಿಂದೆ ಎರಡು ಅಕ್ಷರ, ಪಾಸ್‌ಪೋರ್ಟ್‌ನಲ್ಲಿ ಅದೇ ಅಕ್ಷರಗಳು ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು. ಸ್ಪೇನ್‌ನ ಅಧಿಕಾರಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ಅವರಲ್ಲಿ ಪ್ರತಿಯೊಬ್ಬರಿಗೂ ಎರಡು ಮನೆತನದ ಹೆಸರು ಇರುತ್ತದೆ, ಒಂದಕ್ಷರದ ಹೆಸರು ಅವರು ಕಂಡವರಲ್ಲ. ಇಬ್ಬರೂ ಒಬ್ಬರೇ ಅನ್ನುವ ಅಫಿಡವಿಟ್ ಮಾಡಿಸಿ, ಅದಕ್ಕೂ ಅಪೊಸ್ಟಿಲ್, ಅನುವಾದ ಮಾಡಿಸಿಟ್ಟುಕೊಳ್ಳಿ. ಕಂಪನಿಯ ಪತ್ರದಲ್ಲಿ ಪಾಸ್‌ಪೋರ್ಟ್‌ನಲ್ಲಿರುವ ಹಾಗೆಯೇ ಹೆಸರು ಇರಲಿ.

ಆ ಪತ್ರದಲ್ಲಿ ನಿಮ್ಮ ಹುದ್ದೆ, ಸಂಬಳ, ಸೇರಿದ ದಿನಾಂಕ, ಸ್ಪೇನ್‌ನಿಂದ ಕೆಲಸ ಮಾಡಲು ಅನುಮತಿ, ಇಷ್ಟೂ ಸ್ಪಷ್ಟವಾಗಿ ಬರಬೇಕು. ಜೊತೆಗೆ ಕಂಪನಿಯ ನೋಂದಣಿ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್. ಆರೋಗ್ಯ ವಿಮೆ ಕೇಳಿದರೆ ಅದು ಸ್ಪೇನ್‌ನಲ್ಲಿ ಅನುಮತಿ ಇರುವ ಕಂಪನಿಯದ್ದಾಗಿರಬೇಕು, ಪ್ರತಿ ಸಲ ಡಾಕ್ಟರ್ ಹತ್ತಿರ ಹೋದಾಗ ನೀವು ಒಂದು ಪಾಲು ಕೊಡುವ ಥರದ್ದಲ್ಲ. ಪ್ರವಾಸಿ ವಿಮೆ ಸಾಲುವುದಿಲ್ಲ.

ಭಾರತದಿಂದಲೇ ಅರ್ಜಿ ಹಾಕಿದರೆ ಒಂದು ವರ್ಷದ ತನಕದ ವೀಸಾ ಸಿಗುತ್ತದೆ. ಕಾನೂನುಬದ್ಧವಾಗಿ ಸ್ಪೇನ್‌ನೊಳಗೆ ಇದ್ದಾಗ ಹಾಕಿದರೆ ನೇರವಾಗಿ 3 ವರ್ಷದ ತನಕದ ವಾಸದ ಅನುಮತಿ, ತೀರ್ಮಾನಕ್ಕೆ 20 ಕೆಲಸದ ದಿನದ ಗಡುವು. ಎರಡನೆಯದು ಆಕರ್ಷಕ ಅಲ್ವಾ? ಆದರೆ ಒಂದು ಕಾಗದ ಕಡಿಮೆ ಬಿದ್ದರೆ ಅದಕ್ಕಾಗಿ ಬೆಂಗಳೂರಿಗೆ ಕೊರಿಯರ್ ಓಡಾಟ, ಇತ್ತ ಪ್ರವಾಸಿ ವೀಸಾದ ದಿನಗಳು ಕರಗುತ್ತಿರುತ್ತವೆ. ಸಂಸಾರ ಸಮೇತ ಬರುವವರಿಗೆ ಭಾರತದಿಂದಲೇ ಹಾಕಿ ಅನ್ನುತ್ತೇನೆ.

ಹಂತ 4: ಮನೆ

ಮೊದಲ ಒಂದು ತಿಂಗಳಿಗೆ ತಾತ್ಕಾಲಿಕ ಜಾಗ ಮಾತ್ರ ಬುಕ್ ಮಾಡಿ. ಉಳಿದದ್ದನ್ನು ಇಲ್ಲಿ ಬಂದು, ಕಣ್ಣಾರೆ ನೋಡಿ ಹಿಡಿಯಿರಿ. ‘ನಾನು ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಕಳಿಸಿ, ಕೀ ಕೊರಿಯರ್ ಮಾಡುತ್ತೇನೆ’ ಅಂದವರು ನೂರಕ್ಕೆ ನೂರು ಮೋಸಗಾರರು.

ಹುಡುಕಲು ಹೆಚ್ಚಿನವರು ಬಳಸುವುದು ಇದೆಯಾಲಿಸ್ತಾ ಮತ್ತು ಫೋತೊಕಾಸಾ ಅನ್ನುವ ವೆಬ್‌ಸೈಟ್‌ಗಳನ್ನು. ಬಾಡಿಗೆ ಈಚಿನ ವರ್ಷಗಳಲ್ಲಿ ಜೋರಾಗಿ ಏರಿದೆ. ಊರೊಳಗೆ ಒಂದು ಬೆಡ್‌ರೂಮಿನ ಚೆನ್ನಾಗಿರುವ ಮನೆ 1,000 ಯುರೋ ಒಳಗೆ ಸಿಕ್ಕರೆ ಅದೃಷ್ಟ. 2024ರ ಅಕ್ಟೋಬರ್‌ನಲ್ಲಿ ಇಲ್ಲಿನ ಜನ ಮನೆ ಬಾಡಿಗೆಯ ವಿರುದ್ಧ ದೊಡ್ಡ ಮೆರವಣಿಗೆಯನ್ನೇ ಮಾಡಿದರು. ಅವರ ಸಿಟ್ಟು ಪ್ರವಾಸಿಗಳಿಗೆ ಕೊಡುವ ಫ್ಲ್ಯಾಟ್‌ಗಳ ಮೇಲೆ, ಜೊತೆಗೆ ಹೊರಗಿನ ಸಂಬಳದಲ್ಲಿ ಬಂದು ಕೂರುವ ನಮ್ಮಂಥವರ ಮೇಲೂ ಸ್ವಲ್ಪ ಇದೆ. ಸಿಟ್ಟಿನಲ್ಲಿ ನ್ಯಾಯ ಇದೆ. ಕೇಳಿದ್ದಕ್ಕಿಂತ ಜಾಸ್ತಿ ಕೊಟ್ಟು ಮನೆ ಗಿಟ್ಟಿಸಿಕೊಳ್ಳುವ ಅಭ್ಯಾಸ ಬೇಡ.

ಒಪ್ಪಂದದಲ್ಲಿ ಎರಡು ಬಗೆ. ಕಾಯಂ ವಾಸದ ಒಪ್ಪಂದವಾದರೆ 5 ವರ್ಷದ ತನಕ ಮುಂದುವರಿಸುವ ಹಕ್ಕು ನಿಮ್ಮದು. ಕಾನೂನಿನ ಪ್ರಕಾರ ಠೇವಣಿ ಒಂದು ತಿಂಗಳ ಬಾಡಿಗೆ, ಅದರ ಮೇಲೆ ಗ್ಯಾರಂಟಿ ಅಂತ ಇನ್ನೆರಡು ತಿಂಗಳದ್ದು ಕೇಳಬಹುದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಹಬ್ಬ. 2023ರ ವಸತಿ ಕಾನೂನಿನ ನಂತರ ಏಜೆಂಟರ ಕಮಿಷನ್ ಕೊಡಬೇಕಾದವರು ಮಾಲೀಕರು. ಇದನ್ನೆಲ್ಲ ತಪ್ಪಿಸಿಕೊಳ್ಳಲೆಂದೇ ಅನೇಕರು ಎರಡನೆಯ ಬಗೆಯ, 11 ತಿಂಗಳ ‘ತೆಂಪೊರಾದಾ’, ಅಂದರೆ ತಾತ್ಕಾಲಿಕ ವಾಸದ, ಒಪ್ಪಂದ ಮುಂದಿಡುತ್ತಾರೆ. ಹೊಸದಾಗಿ ಬಂದವರಿಗೆ ಮೊದಲ ಮನೆ ಹೆಚ್ಚಾಗಿ ಇದರಲ್ಲೇ ಸಿಗುವುದು, ಏಕೆಂದರೆ ಕಾಯಂ ಒಪ್ಪಂದಕ್ಕೆ ಸ್ಪೇನ್‌ನ ಸಂಬಳದ ಚೀಟಿ ಕೇಳುತ್ತಾರೆ. ಪರವಾಗಿಲ್ಲ. ಆದರೆ ಸಹಿ ಹಾಕುವ ಮುಂಚೆ ಒಂದೇ ಒಂದು ಮಾತು ಕೇಳಿ: ‘ಇಲ್ಲಿ ಎಂಪಾದ್ರೊನಾಮಿಯೆಂತೊ ಮಾಡಿಸಬಹುದಾ?’ ಇದು ನಗರಸಭೆಯಲ್ಲಿ ವಿಳಾಸ ಬರೆಸುವ ಕೆಲಸ. ಆಗಲ್ಲ ಅಂದರೆ ಆ ಮನೆ ಬಿಟ್ಟುಬಿಡಿ, ಮುಂದಿನ ಸಾಲು ಸಾಲು ಕಾಗದಗಳು ಇದರ ಮೇಲೆ ನಿಂತಿವೆ.

ಬಡಾವಣೆಗಳಲ್ಲಿ ರುಸಾಫಾ ಹೆಸರುವಾಸಿ, ಕೆಫೆಗಳ ಊರು, ಹಾಗೆಯೇ ಗದ್ದಲ ಮತ್ತು ದುಬಾರಿ. ಬೆಳಿಗ್ಗೆ ಐದಕ್ಕೆ ಏಳುವವರು ಅಲ್ಲಿ ನಿದ್ದೆಗೆಡುತ್ತಾರೆ. ಒಂದು ಕಾಲದ ಮೀನುಗಾರರ ಕೇರಿ ಕಬಾನ್ಯಾಲ್‌ನಲ್ಲಿ ಬಣ್ಣಬಣ್ಣದ ಟೈಲ್ಸ್ ಮನೆಗಳು, ಸಮುದ್ರ ಕಾಲಬುಡದಲ್ಲಿ, ಆದರೆ ಗೋಡೆಯಲ್ಲಿ ತೇವ. ನನ್ನ ಆಯ್ಕೆ ಬೆನಿಮಾಕ್ಲೆತ್. ಹಿಂದೆ ಬೇರೆಯೇ ಹಳ್ಳಿಯಾಗಿದ್ದ ಜಾಗ, ಈಗ ವಿದ್ಯಾರ್ಥಿಗಳೂ ಹಳೆಯ ಅಜ್ಜಿಯರೂ ಒಟ್ಟಿಗೆ ಇರುತ್ತಾರೆ, ಮೆಟ್ರೊ ಇದೆ, ಟ್ರ್ಯಾಮ್ ಹತ್ತಿದರೆ ಬೀಚ್. ಕಾರು ಬೇಕಿಲ್ಲ. ಊರು ಸಮತಟ್ಟು. 1957ರ ಪ್ರವಾಹದ ನಂತರ ತೂರಿಯಾ ನದಿಯನ್ನೇ ಊರ ದಕ್ಷಿಣಕ್ಕೆ ತಿರುಗಿಸಿದರು, ಹಳೆಯ ನದಿಪಾತ್ರ ಈಗ ಸುಮಾರು 9 ಕಿಲೋಮೀಟರ್ ಉದ್ದದ ತೋಟ. ಅದರೊಳಗೆ ಸೈಕಲ್ ಹೊಡೆದುಕೊಂಡು ಊರನ್ನೇ ದಾಟಬಹುದು.

ಮನೆ ನೋಡುವಾಗ ಚಳಿಗಾಲದ ಬಗ್ಗೆ ವಿಚಾರಿಸಿ. ಜನವರಿಯ ಹಗಲು ಹೊರಗೆ 16 ಡಿಗ್ರಿ, ಬಿಸಿಲು. ಒಳಗೆ ಟೈಲ್ಸ್ ನೆಲ, ತೇವದ ಗಾಳಿ, ಹೀಟರ್ ಇಲ್ಲದ ಕೋಣೆ. ಸ್ವೆಟರ್ ಹಾಕಿಕೊಂಡು ಕೋಡ್ ಬರೆಯುವ ಪರಿಸ್ಥಿತಿ. ಬಿಸಿಗಾಳಿಯನ್ನೂ ಕೊಡುವ ಏಸಿ ಇದೆಯಾ, ಕಿಟಕಿ ದಕ್ಷಿಣಕ್ಕಿದೆಯಾ ನೋಡಿ.

ಹಂತ 5: ಮೊದಲ ತಿಂಗಳ ಓಡಾಟ

ಬಾಡಿಗೆ ಒಪ್ಪಂದ ಹಿಡಿದು ಎಂಪಾದ್ರೊನಾಮಿಯೆಂತೊ. ಅದನ್ನು ಹಿಡಿದು ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು ಕೊಟ್ಟು ವಿದೇಶಿಯರ ಗುರುತಿನ ಚೀಟಿ ಟಿಐಇ. ವೀಸಾದ ಮೇಲೆ ಬಂದವರು ಒಂದು ತಿಂಗಳೊಳಗೆ ಇದಕ್ಕೆ ಅರ್ಜಿ ಹಾಕಬೇಕು. ಪ್ರತಿಯೊಂದಕ್ಕೂ ‘ಸಿತಾ ಪ್ರೆವಿಯಾ’, ಅಂದರೆ ಮುಂಗಡ ಸಮಯ, ಬೇಕು. ಆನ್‌ಲೈನ್‌ನಲ್ಲಿ ಖಾಲಿ ಇಲ್ಲ ಅಂತಲೇ ಬರುತ್ತಿರುತ್ತದೆ. ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಪ್ರಯತ್ನಿಸುತ್ತಿರಿ, ಬಿಡಬೇಡಿ. ಇದಕ್ಕೆ ಶುಲ್ಕ ಇಲ್ಲ, ದುಡ್ಡಿಗೆ ಮಾರುವವರ ಬಲೆಗೆ ಬೀಳಬೇಡಿ. ಸಾಮಾಜಿಕ ಭದ್ರತೆಗೆ ಸೇರಿದ ಮೇಲೆ ವಲೆನ್ಸಿಯಾದ ಸರ್ಕಾರಿ ಆರೋಗ್ಯ ಚೀಟಿ ಸಿಪ್ ಮಾಡಿಸಿಕೊಳ್ಳಿ. ತುರ್ತು ಸಂಖ್ಯೆ 112.

ಫೈಬರ್ ಇಂಟರ್ನೆಟ್ ಊರಿಡೀ ಇದೆ, ಅಗ್ಗವೂ ಹೌದು, ವೇಗವೂ ಇದೆ. ಮೊದಲ ವಾರಗಳಿಗೆ ಪಾಸ್‌ಪೋರ್ಟ್ ತೋರಿಸಿದರೆ ಸಿಗುವ ಪ್ರೀಪೇಯ್ಡ್ ಸಿಮ್ ಸಾಕು. ನಿಮ್ಮ ಭಾರತದ ಸಿಮ್ ಮಾತ್ರ ಜೀವಂತ ಇಟ್ಟಿರಿ, ಬ್ಯಾಂಕ್ ಓಟಿಪಿಗಳೆಲ್ಲ ಅದಕ್ಕೇ ಬರುವುದು.

ಕರೆಂಟಿನ ವಿಷಯ ಬೇರೆ. ಇಲ್ಲಿ ಮನೆಗೆ ಇಷ್ಟು ಕಿಲೋವ್ಯಾಟ್ ಅಂತ ಒಪ್ಪಂದ ಇರುತ್ತದೆ. ಅದು ಕಡಿಮೆ ಇದ್ದು ಹೀಟರ್, ಓವನ್, ಇಂಡಕ್ಷನ್ ಒಟ್ಟಿಗೆ ಹಚ್ಚಿದರೆ ಮೀಟಿಂಗ್ ನಡುವೆ ಮನೆ ಕತ್ತಲು. 2025ರ ಏಪ್ರಿಲ್ 28ರಂದು ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ಸ್ಪೇನ್‌ನ ಮುಖ್ಯಭೂಮಿ ಮತ್ತು ಪೋರ್ಚುಗಲ್‌ನಲ್ಲಿ ಕರೆಂಟ್ ಹೋಗಿ ಗಂಟೆಗಟ್ಟಲೆ ಬರಲಿಲ್ಲ, ಕಾರ್ಡ್ ಯಂತ್ರಗಳೂ ನಿಂತವು. ಯುಪಿಎಸ್ ನಮ್ಮವರಿಗೆ ಹೊಸದಲ್ಲ, ರೂಟರ್‌ಗೆ ಒಂದು ಚಿಕ್ಕದನ್ನು ಹಾಕಿ, ಮನೆಯಲ್ಲಿ ಸ್ವಲ್ಪ ನಗದು ಇಡಿ.

ಕೆಫೆಯಲ್ಲಿ ಒಂದು ಕಾಫಿಗೆ ಅರ್ಧ ದಿನ ಕೂರುವುದನ್ನು ಇಲ್ಲಿನವರು ಇಷ್ಟಪಡುವುದಿಲ್ಲ. ಬದಲಿಗೆ ಹಳೆಯ ಆಸ್ಪತ್ರೆಯ ಕಟ್ಟಡದಲ್ಲಿರುವ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ, ಕಲ್ಲಿನ ಕಂಬಗಳ ನಡುವೆ ಪುಕ್ಕಟೆ ಜಾಗ. ಕಾಲ್ ಜಾಸ್ತಿ ಇರುವವರಿಗೆ ಕೋ-ವರ್ಕಿಂಗ್ ಜಾಗಗಳೇ ಸರಿ.

ತೆರಿಗೆ

ವರ್ಷದಲ್ಲಿ 183 ದಿನ ಮೀರಿ ಇದ್ದರೆ ಸ್ಪೇನ್‌ನ ತೆರಿಗೆ ನಿವಾಸಿ. ನೌಕರರಾಗಿ ಬಂದವರು, ಹಿಂದಿನ 5 ವರ್ಷ ಇಲ್ಲಿ ತೆರಿಗೆ ನಿವಾಸಿ ಆಗಿರದಿದ್ದರೆ, ಬೆಕಮ್ ಕಾನೂನು ಅನ್ನುವ ವಿಶೇಷ ಸವಲತ್ತು ಕೇಳಬಹುದು. ಬಂದ ವರ್ಷ ಮತ್ತು ಮುಂದಿನ 5 ವರ್ಷ, 6 ಲಕ್ಷ ಯುರೋ ತನಕದ ಸಂಬಳಕ್ಕೆ 24% ಮಾತ್ರ. ಸಾಮಾಜಿಕ ಭದ್ರತೆಗೆ ಸೇರಿದ 6 ತಿಂಗಳೊಳಗೆ 149ನೇ ನಮೂನೆ ಸಲ್ಲಿಸಬೇಕು. ಗಡುವು ದಾಟಿದರೆ ಮತ್ತೆ ಅವಕಾಶ ಇಲ್ಲ.

ಔತೊನೊಮೊಗಳಿಗೆ ಸಾಮಾನ್ಯವಾಗಿ ಇದು ಸಿಗುವುದಿಲ್ಲ. ಅವರಿಗೆ ಏರುತ್ತಾ ಹೋಗುವ ಮಾಮೂಲಿ ದರ, ಮೂರು ತಿಂಗಳಿಗೊಮ್ಮೆ ಲೆಕ್ಕ. ಸಮಾಧಾನಕ್ಕೆ, ಮೊದಲ 12 ತಿಂಗಳ ಸಾಮಾಜಿಕ ಭದ್ರತೆ ವಂತಿಗೆ ತಿಂಗಳಿಗೆ 80 ಯುರೋ ಆಸುಪಾಸಿನಲ್ಲಿ ಮುಗಿಯುತ್ತದೆ. ಮಾಮೂಲಿ ದರದಲ್ಲಿರುವವರು ಇನ್ನೊಂದನ್ನು ಮರೆಯಬಾರದು: ಸ್ಪೇನ್ ಹೊರಗೆ ಬ್ಯಾಂಕ್ ಖಾತೆ, ಹೂಡಿಕೆ, ಆಸ್ತಿ ಈ ಮೂರರಲ್ಲಿ ಯಾವುದಾದರೂ 50,000 ಯುರೋ ದಾಟಿದರೆ ಮಾರ್ಚ್ ಕೊನೆಯೊಳಗೆ 720ನೇ ನಮೂನೆಯಲ್ಲಿ ಘೋಷಿಸಬೇಕು. ಬೆಂಗಳೂರಿನ ಒಂದು ಫ್ಲ್ಯಾಟ್ ಸಾಕು ಈ ಮಿತಿ ದಾಟಲು. ಭಾರತ ಮತ್ತು ಸ್ಪೇನ್ ನಡುವೆ ಎರಡು ಸಲ ತೆರಿಗೆ ಬೀಳದಂತೆ ಒಪ್ಪಂದ ಇದೆ, ಆದರೆ ನಮ್ಮದು ಏಪ್ರಿಲ್‌ನಿಂದ ಶುರುವಾಗುವ ವರ್ಷ, ಅವರದು ಜನವರಿಯಿಂದ. ಇಲ್ಲಿ ಒಬ್ಬ ಹೆಸ್ತೋರ್, ಅಂದರೆ ಲೆಕ್ಕಪತ್ರ ನೋಡುವವರು, ಅಲ್ಲಿ ಒಬ್ಬ ಸಿಎ, ಇಬ್ಬರಿಗೂ ದುಡ್ಡು ಕೊಡಿ.

ಹೊಟ್ಟೆಪಾಡು

ಬರುವಾಗ ಕುಕ್ಕರ್ ತರುವವರು ತಳ ನೋಡಿಕೊಳ್ಳಿ. ಅನೇಕ ಮನೆಗಳಲ್ಲಿ ಇಂಡಕ್ಷನ್ ಒಲೆ, ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಕೆಲಸ ಮಾಡುವುದಿಲ್ಲ. ಬೇಳೆ, ಮಸಾಲೆ, ಉದ್ದದ ಅಕ್ಕಿ ದಕ್ಷಿಣ ಏಷ್ಯಾದವರ ಅಂಗಡಿಗಳಲ್ಲಿ ಸಿಗುತ್ತವೆ. ಕರಿಬೇವಿಗೆ ಮಾತ್ರ ಪರದಾಟ. ಊರ ಪಕ್ಕದ ಅಲ್ಬುಫೆರಾ ಸರೋವರದ ಸುತ್ತ ಗದ್ದೆಗಳಿವೆ, ಅಲ್ಲಿನ ಗಿಡ್ಡ ಅಕ್ಕಿ ಸಾರು ಚೆನ್ನಾಗಿ ಹೀರುತ್ತದೆ. ಬಿಸಿಬೇಳೆಬಾತಿಗೆ ಹೇಳಿ ಮಾಡಿಸಿದ್ದು.

ಸಸ್ಯಾಹಾರಿಗಳು ‘ಮಾಂಸ ಬೇಡ’ ಅಂದರೆ ಸಾಲದು, ಹಂದಿಯ ಹಾಮೋನ್ ಚೂರುಗಳು ತಟ್ಟೆಗೆ ಬಂದುಬಿಡುತ್ತವೆ. ‘ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಪೆಸ್ಕಾದೊ’ (ಮಾಂಸ ಬೇಡ, ಹಾಮೋನ್ ಬೇಡ, ಮೀನು ಬೇಡ) ಅಂತ ಮೂರನ್ನೂ ಹೇಳಿ. ಇಲ್ಲಿನ ಅನ್ನದ ಖಾದ್ಯ ಪಾಯೆಯಾ ಅಸಲಿಯದ್ದಾದರೆ ಅದರಲ್ಲಿ ಕೋಳಿ, ಮೊಲ ಇರುತ್ತದೆ. ತರಕಾರಿಯದ್ದನ್ನು ಕೇಳಿ, ಯಾವ ನೀರಲ್ಲಿ ಬೇಯಿಸಿದ್ದು ಅಂತಲೂ ಕೇಳಿ. ಬಿಸಿಲಿಗೆ ಓರ್ಚಾತಾ ಕುಡಿಯಿರಿ, ಚೂಫಾ ಅನ್ನುವ ಚಿಕ್ಕ ಗೆಡ್ಡೆಯಿಂದ ಮಾಡುವ ಹಾಲಿನಂಥ ಪಾನೀಯ, ಅದರಲ್ಲಿ ಹಾಲೇ ಇರುವುದಿಲ್ಲ. ಪಕ್ಕದ ಅಲ್ಬೊರಾಯಾ ಅದರ ತವರು.

ವರ್ಷದ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ

ಮಾರ್ಚ್ 1ರಿಂದ 19ರ ತನಕ ಫಾಯಾಸ್ ಹಬ್ಬ. ದಿನಾ ಮಧ್ಯಾಹ್ನ 2ಕ್ಕೆ ನಗರಸಭೆ ಚೌಕದಲ್ಲಿ ಮಸ್ಕ್ಲೆತಾ, ಅಂದರೆ ಎದೆ ನಡುಗಿಸುವ ಪಟಾಕಿ ಮೇಳ. ಬೆಂಗಳೂರಿನಲ್ಲಿ ಆಗ ಸಂಜೆ 6:30. ಊರ ನಡುವೆ ಮನೆ ಇದ್ದರೆ ಆ ಹೊತ್ತಿಗೆ ಕ್ಲೈಂಟ್ ಕಾಲ್ ಇಡಬೇಡಿ. 15ರಿಂದ 19ರ ತನಕ ಬೀದಿಗಳೇ ಮುಚ್ಚಿರುತ್ತವೆ, ಮಕ್ಕಳು ರಾತ್ರಿಯೆಲ್ಲ ಪಟಾಕಿ ಹೊಡೆಯುತ್ತಾರೆ. ಸಾಧ್ಯವಾದರೆ ಆ ವಾರ ರಜೆ ಹಾಕಿ ಹಬ್ಬವನ್ನೇ ನೋಡಿ.

ಆಗಸ್ಟ್‌ನಲ್ಲಿ ಊರು ಅರ್ಧ ಖಾಲಿ, ಹೆಸ್ತೋರ್ ಫೋನ್ ಎತ್ತುವುದಿಲ್ಲ. ಕಾಗದದ ಕೆಲಸ ಜುಲೈನಲ್ಲೇ ಮುಗಿಸಿ. ಮಂಗಳೂರಿನ ಮೇ ತಿಂಗಳಂಥ ಸೆಕೆ ಬೇರೆ.

ಸೆಪ್ಟೆಂಬರ್, ಅಕ್ಟೋಬರ್‌ನ ಮಳೆಯನ್ನು ಹಗುರಾಗಿ ತಗೊಳ್ಳಬೇಡಿ. ಬೆಚ್ಚಗಿನ ಸಮುದ್ರದ ಮೇಲೆ ತಣ್ಣನೆಯ ಗಾಳಿ ಬಂದು ನಿಂತಾಗ ಒಂದೇ ದಿನದಲ್ಲಿ ತಿಂಗಳುಗಳ ಮಳೆ ಸುರಿಯುತ್ತದೆ. ಇದನ್ನು ದಾನಾ ಅನ್ನುತ್ತಾರೆ. 2024ರ ಅಕ್ಟೋಬರ್ 29ರಂದು ಊರ ದಕ್ಷಿಣದ ಪಾಯ್ಪೋರ್ತಾ, ಕತರೋಹಾ ಮೊದಲಾದ ಕಡೆ 200ಕ್ಕೂ ಹೆಚ್ಚು ಜನ ಸತ್ತರು. ಫೋನಿಗೆ ಎಚ್ಚರಿಕೆ ಬಂದದ್ದು ರಾತ್ರಿ 8 ದಾಟಿದ ಮೇಲೆ, ಅಷ್ಟರಲ್ಲಿ ಬೀದಿಗಳಲ್ಲಿ ನೀರು ತುಂಬಿತ್ತು. ತಿರುಗಿಸಿದ ನದಿಯ ಹೊಸ ಕಾಲುವೆ ಊರ ಮಧ್ಯಭಾಗವನ್ನು ಉಳಿಸಿತು, ಅದರ ಆಚೆ ಬದಿಯವರನ್ನು ಉಳಿಸಲಿಲ್ಲ. ಬಾಡಿಗೆ ಕಡಿಮೆ ಅಂತ ಆ ಕಡೆ ಮನೆ ನೋಡುವವರು ನೆಲಮಹಡಿ ಹಿಡಿಯಬೇಡಿ. ಫೋನಿನಲ್ಲಿ ತುರ್ತು ಎಚ್ಚರಿಕೆ ಆಫ್ ಮಾಡಬೇಡಿ. ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟ ದಿನ ಮೆಸೇಜ್ ಬರಲಿ ಅಂತ ಕಾಯದೆ ಮನೆಯಲ್ಲೇ ಇರಿ. ನೆಲಮಾಳಿಗೆಯ ಗ್ಯಾರೇಜಿನಿಂದ ಕಾರು ತೆಗೆಯಲು ಇಳಿದು ಪ್ರಾಣ ಕಳೆದುಕೊಂಡವರು ಅವತ್ತು ಅನೇಕರು. ನೀರು ಬರುತ್ತಿದೆ ಅಂದರೆ ಮೇಲಿನ ಮಹಡಿಗೆ ಹತ್ತಿ, ಕೆಳಗಿನ ಮನೆಯವರನ್ನೂ ಕರೆಯಿರಿ.